ಹಣೆಗೆ ಕಟ್ಟುವ ಬೆಳಕು

ಎರಡನೆಯ ದೀಪವೂ ಸಾಲದೆಂದು ಪಾಲಾಕ್ಷಪ್ಪ ಹಣೆಯ ಪಟ್ಟಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಹರಪನಹಳ್ಳಿಯ ಆ ಪಂಪು-ಪೈಪಿನ ಅಂಗಡಿಯ ಹಿಂದೆ ಕಿಟಕಿಯಿಲ್ಲದ ಕೋಣೆಯೊಂದಿತ್ತು. ಮಟಮಟ ಮಧ್ಯಾಹ್ನವೂ ಅಲ್ಲಿ ಕಗ್ಗತ್ತಲೆ. ಅಂಗಡಿಕಾರ ಗಂಗಾಧರಪ್ಪ ಗಿರಾಕಿಗಳಿಗೆ ಬೆಳಕು ತೋರಿಸುತ್ತಿದ್ದುದು ಅದರೊಳಗೇ.

ಪಾಲಾಕ್ಷಪ್ಪನೂ ಅವನ ಹೆಂಡತಿ ಅಂಜಿನಕ್ಕನೂ ನೀಲಗುಂದದ ಕುರಿಗಾರರು. ನಾಡಿದ್ದು ನಾಲ್ಕು ಮನೆಯ ಕುರಿಗಳು ಹೊಳೆಸಾಲಿನ ಗದ್ದೆಗಳಿಗೆ ಹೊರಡಬೇಕು. ಲಾರಿಗಳಿಗೆ ಅಂಜಿ ನಡಿಗೆಯೆಲ್ಲ ಇರುಳಿನಲ್ಲೇ. ಮುಂದೆ ದಾರಿ ಹಿಡಿಯುವವನು ಇಪ್ಪತ್ತು ವರ್ಷದಿಂದ ಪಾಲಾಕ್ಷಪ್ಪ; ಹೊರೆ ಹೊತ್ತ ಕತ್ತೆಗಳೊಂದಿಗೆ ಹೆಂಗಸರು ಹಿಂದೆ ಬರುವುದು ರೂಢಿ. ಹೋದ ವರ್ಷ ಹಲವಾಗಲಿನ ಹಾದಿಯಲ್ಲಿ ಅವನು ಕಟ್ಟೆಯಿಲ್ಲದ ಬಾವಿಯೊಂದರ ಅಂಚಿನಲ್ಲೇ ದಾಟಿಹೋಗಿದ್ದ. ಬೆನ್ನಿಗೆ ಬಂದ ಒಂಬತ್ತು ಕುರಿ ಒಳಗೆ ಬಿದ್ದವು. ಟಾರ್ಚು ಕೈಕೊಟ್ಟಿತೆಂದ. ಎಲ್ಲರೂ ನಂಬಿದರು, ಅಂಜಿನಕ್ಕನೂ ನಂಬಿದಳು. ಒಳ್ಳೆಯ ಬೆಳಕು ತಂದರೆ ಮಾತ್ರ ಈ ಸಲ ಮುಂದಾಳುತನ ಎಂದು ಹಿರಿಯ ಕರಿಸಿದ್ದಪ್ಪ ಕಡ್ಡಿ ಮುರಿದಂತೆ ಹೇಳಿದ್ದ.

ಮೊದಲನೆಯದು ಹಗುರ, ಆದರೆ ಮೂರು ತಾಸಿಗೆ ಚಾರ್ಜು ಮುಗಿಯುವುದು. ಎರಡನೆಯದು ಮಳೆಗೆ ತಡೆಯದು. ಈ ಮೂರನೆಯದರ ಬ್ಯಾಟರಿ ಸೊಂಟಕ್ಕೆ, ದೀಪ ಹಣೆಗೆ, ಯಾವ ಪಂಪಿನ ಮನೆಯಲ್ಲಾದರೂ ಚಾರ್ಜು ಮಾಡಿದರೆ ಬೆಳಗಿನವರೆಗೆ ಚಿಂತೆಯಿಲ್ಲ ಎಂದು ಗಂಗಾಧರಪ್ಪ ವಿವರಿಸಿದ. ಪಾಲಾಕ್ಷಪ್ಪನಿಗೆ ತನ್ನದೇ ಪರೀಕ್ಷೆ ಬೇಕಿತ್ತು.

"ಕಣ್ಣು ಮಿಂಚೋ ಕುರಿ ಯಾವ ದೀಪದಾಗರ ಕಾಣ್ತಾವ. ತೆಲಿ ಒಳಗ ಹಾಕ್ಕೊಂಡು ಮಲಗಿದ ಕರಿಕುರಿ ಕಾಣಬೇಕು. ಅದು ಬೆಳಕು."

ಕರಿ ಕಂಬಳಿ ಹೊದ್ದು ಕತ್ತಲೆಯ ಕೋಣೆಯಲ್ಲಿ ಎಲ್ಲಾದರೂ ಕೂರುವಂತೆ ಹೆಂಡತಿಗೆ ಹೇಳಿದ.

"ಇಷ್ಟು ವರ್ಷ ಬಾಳೇವು ಮಾಡಿದ ಹೆಂಡ್ತಿನ್ನ ಹುಡುಕಾಕ ದೀಪ ಬೇಕೇನ್ರಿ?" ಎಂದು ಗಂಗಾಧರಪ್ಪ ನಕ್ಕ.

"ಆಕಿ ಬಾಯಿ ಮುಚ್ಚಿದ್ರ ಬೇಕಾಗತೈತಿ ನೋಡ್ರಿ" ಎಂದ ಪಾಲಾಕ್ಷಪ್ಪ.

ನಗುನಗುತ್ತಲೇ ಅಂಜಿನಕ್ಕ ಪೈಪಿನ ಸುರುಳಿಗಳ ನಡುವೆ ಮುದುಡಿ ಕುಳಿತಳು. ಅವನು ಒಳಗೆ ಬಂದು ಬಾಗಿಲು ಮುಚ್ಚಿದ. ಬೆಳಕು ಗೋಡೆ ಸವರಿ ಅವಳ ಮೇಲೆ ಬಿತ್ತು. ಎಂಥ ಬೆಳಕು! ಕಂಬಳಿಯ ಒಂದೊಂದು ಎಳೆಯ ಹುರಿಯೂ ಒಳಗಿನಿಂದ ಎಣಿಸುವಷ್ಟು ನಿಚ್ಚಳವಾಯಿತು. ಅದು ನಿಲ್ಲಲಿಲ್ಲ, ಅವಳನ್ನು ದಾಟಿ ಮೂಲೆಗೆ ಹೋಯಿತು, ಮರಳಿತು, ಮತ್ತೆ ದಾಟಿತು. ಅವನ ಕಾಲು ಪೈಪಿಗೆ ಎಡವಿತು. ಅಂಗೈ ಗೋಡೆಯನ್ನು ತಡವುವ ಸಪ್ಪಳ ಕೇಳಿತು. ಅಂಜಿನಕ್ಕನ ನಗು ಆರಿತು. ಬೀಡುಬಿಟ್ಟ ದಿನಗಳಲ್ಲಿ ದೀಪ ಹಚ್ಚುವ ಹೊತ್ತಾದರೆ ಗುಡಾರ ಬಿಟ್ಟು ಕದಲದ ಗಂಡ, ಉಣ್ಣುವಾಗ ಗಂಗಾಳದ ಅಂಚು ಹುಡುಕುವ ಅವನ ಬೆರಳು, ಎಲ್ಲಕ್ಕೂ ಈಗ ಅರ್ಥ ಹುಟ್ಟಿತು. ಅವಳು ಮೆಲ್ಲಗೆ ಕೆಮ್ಮಿದಳು.

ಒಡನೆಯೇ ಅವನು ಬಂದು ಅವಳ ತಲೆಯ ಮೇಲೆ ಕೈಯಿಟ್ಟ. "ಸಿಕ್ಕಿ ನೋಡು. ಇದು ಆದೀತು."

"ನಾ ಕೆಮ್ಮದಿದ್ರ?"

ಅವನು ಇನ್ನೊಂದು ಕೈಯಿಂದ ಗುಂಡಿ ಒತ್ತಿ ದೀಪ ಆರಿಸಿದ.

"ಬಾವಿ ಕೆಮ್ಮಂಗಿಲ್ಲ" ಎಂದಳು.

ತಲೆಯ ಮೇಲಿದ್ದ ಕೈ ಭಾರವಾಯಿತು. "ಎರಡು ವರ್ಷಾತು. ಹೊತ್ತು ಮುಣುಗಿದ ಮ್ಯಾಲ ನಂಗ ಏನೂ ಕಾಣವಲ್ದು" ಎಂದ.

ಇಬ್ಬರೂ ಹೊರಗೆ ಬಂದರು. ದೀಪ ಹಿಡಿಸಿತೆಂದು ತಿಳಿದ ಗಂಗಾಧರಪ್ಪ ಪಟ್ಟಿಯನ್ನು ಅಳತೆ ಮಾಡಿಕೊಡಲು ಪಾಲಾಕ್ಷಪ್ಪನ ರುಮಾಲಿನತ್ತ ಕೈ ಚಾಚಿದ. ಅವನು ತಲೆ ಹಿಂದಕ್ಕೆಳೆದುಕೊಂಡು ದೀಪವನ್ನು ತಾನೇ ಬಿಚ್ಚಿಕೊಟ್ಟ.

"ಆಕಿ ತೆಲಿಗಿ ಮಾಡ್ರಿ" ಎಂದು ಹೆಂಡತಿಯ ಕಡೆ ತಿರುಗಿದ. "ಕರಿಸಿದ್ದಪ್ಪಗ ನಾನ ಹೇಳ್ತೀನಿ. ನಾ ಹಿಂದ ಕತ್ತೆಗಳ ಸಂಗಾಟ ಬರ್ತೀನಿ."

ಅಂಜಿನಕ್ಕ ಸೆರಗು ಸರಿಸಿ ತಲೆ ಬಾಗಿಸಿದಳು. ಪಟ್ಟಿ ತುರುಬಿಗೆ ತಡೆಯಿತು. ಪಾಲಾಕ್ಷಪ್ಪನೇ ತುರುಬನ್ನು ಬಿಚ್ಚಿ ಕೆಳಗಿಳಿಸಿ ಕಟ್ಟಿದ, ದೀಪವನ್ನು ಕುಂಕುಮದ ಮೇಲಕ್ಕೆ ನಿಲ್ಲಿಸಿ ಪಟ್ಟಿಯನ್ನು ಒಂದಿಷ್ಟು ಎಳೆದ. ಬಿಗಿಯಾಯಿತೇ ಎಂದು ಕೇಳಿದ. ಇಲ್ಲವೆಂದಳು. ಇನ್ನೊಂದಿಷ್ಟು ಎಳೆದ.

ಗಂಗಾಧರಪ್ಪ ಗುಂಡಿ ಒತ್ತಿದ. ಬೆಳಕು ಎದುರಿಗಿದ್ದ ಗಂಡನ ಮುಖದ ಮೇಲೆ ನೇರ ಬಿತ್ತು. ಅಂಜಿನಕ್ಕ ಕತ್ತನ್ನು ಮೆಲ್ಲಗೆ ಪಕ್ಕಕ್ಕೆ ಹೊರಳಿಸಿದಳು. ಅದು ಅವನನ್ನು ಬಿಟ್ಟು ಸರಿದು ಬರಿಯ ಗೋಡೆಯ ಮೇಲೆ ನಿಂತಿತು.