ಬಣ್ಣ ಮಾಸದ ಎರಡು ಮುಖ

ಹಳದಿ, ಇಷ್ಟು ಹಳೆಯ ಕಬ್ಬಿಣದ ಮೇಲೆ ಇಷ್ಟು ಹೊಸ ಹಳದಿ ಎಲ್ಲಿಂದ ಬಂತು, ಏಪ್ರಿಲ್ಲಿನ ಬಿಸಿಲು ಹಿಮಕ್ಕೆ ಬಡಿದು ಷೆಡ್ಡಿನೊಳಗೆ ನುಗ್ಗುತ್ತಿದೆ, ಅದರ ಆಟವಿರಬೇಕು, ಅಲ್ಲ, ಜಿಡ್ಡು ಒರೆಸಿದ್ದು ನಾನೇ, ಒರೆಸಿದಷ್ಟೂ ಹಳದಿ, ಅಂಗೈಯಲ್ಲಿ ಮುಚ್ಚಬಹುದಾದಷ್ಟು ಸಣ್ಣ ತುಂಡು, ಹಿಮಗಾಡಿಯ ಸೀಟಿನಡಿ ಸ್ಪ್ರಿಂಗಿನ ಕಾಲು ಬಂದು ಊರುವ ಜಾಗ, ಅದಕ್ಕೆ ಮೂರು ಮುಖ, ಮುಖಕ್ಕೊಂದು ಅಂಕಿ — ಒಂದು ಅಂದರೆ ಒಬ್ಬರೇ ಕೂತಾಗ, ಮೆತ್ತಗೆ, ಎರಡು ಅಂದರೆ ಇಬ್ಬರು, ಮೂರು ಅಂದರೆ ಹಿಂದೆ ಸರಕಿನ ಎಳೆಬಂಡಿ ಕಟ್ಟಿದಾಗ, ಬಂಡೆಗಲ್ಲಿನ ಹಾಗೆ ಗಟ್ಟಿ. ಸ್ಪ್ರಿಂಗು ಮೂರರ ಮೇಲೆ ಕೂತಿದೆ. ಮೂರರ ಬಣ್ಣ ಸವೆದು ಲೋಹ ಕನ್ನಡಿಯಾಗಿದೆ, ಒಂದೂ ಎರಡೂ ನಿನ್ನೆ ಕಾರ್ಖಾನೆಯಿಂದ ಬಂದ ಹಾಗಿವೆ. ಒಮ್ಮೆಯೂ ತಿರುಗಿಸಿಲ್ಲ. ಇನ್ನೊಂದು ಬದಿ ನೋಡು ರಿಸ್ತಿನ್, ಒಂದು ಬದಿ ನೋಡಿ ಗಾಡಿಗೆ ತೀರ್ಪು ಕೊಡಬೇಡಿ ಎಂದು ಊರಿಗೆಲ್ಲ ಹೇಳುವವಳು ನೀನೇ ಅಲ್ಲವೇ, ನೋಡಿದೆ, ಆ ಬದಿಯೂ ಮೂರು, ಆ ಬದಿಯೂ ಹಳದಿ.

ಬೆಳಿಗ್ಗೆಯೆಲ್ಲ ನಗುನಗುತ್ತ ಮಾಡಿದ ಕೆಲಸವಿದು, ಹಿಮಗಾಡಿಯನ್ನು ಪಕ್ಕಕ್ಕೆ ಮಲಗಿಸಿ, ನಾಲ್ಕು ಬೋಲ್ಟು ಬಿಚ್ಚಿ, ರಬ್ಬರ್ ಪಟ್ಟೆಯೊಳಗಿಂದ ಹಿಂದಿನ ಸಸ್ಪೆನ್ಷನ್ನನ್ನು ಇಡಿಯಾಗಿ ಎಳೆದು ನೆಲಕ್ಕೆ ಹಾಕಿದೆ, ಸಾರಂಗದ ಪಕ್ಕೆಲುಬಿನ ಹಾಗೆ ಬಿದ್ದಿದೆ, ಪಕ್ಕದಲ್ಲಿ ಹೊಸದು, ಹೊಸದು ಅಂದರೆ ಆಲ್ತಾ ಪಟ್ಟಣದಲ್ಲಿ ಬಂಡೆಗೆ ಮೂತಿ ಜಜ್ಜಿಕೊಂಡ ಯಾರದೋ ಗಾಡಿಯದು, ಉದ್ದ ಸರಿಹೊಂದುತ್ತದೋ ಇಲ್ಲವೋ ಎಂದು ಮೂರು ಸಲ ಅಳೆದು ತಂದದ್ದು, ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್, ಹಳೆಯದರ ಎರಡು ಪಟ್ಟು ಕುಣಿಯುತ್ತದೆ. ಇಂಜಿನ್ನು ಇನ್ನೂ ಗುಂಡುಕಲ್ಲು, ಅದನ್ನೇಕೆ ಬಿಡಬೇಕು, ಗುರುವಾರ ನಮ್ಮ ಹಿಮಸಾರಂಗಗಳ ಹಿಂಡಿನ ಹಿಂದೆ ಕರಾವಳಿಗೆ ಹೊರಡಬೇಕು, ನನ್ನ ಸೊಂಟ ಇನ್ನು ಆ ಕುಲುಕಾಟ ತಡೆಯುವುದಿಲ್ಲ. ಗಾಡಿಗೆ ಹೊಸ ಸೊಂಟ ಹಾಕ್ತಿದ್ದೀಯಲ್ಲೇ, ನಿನ್ನದಕ್ಕೆ ಯಾರು ಹಾಕ್ತಾರೆ, ಅಂದ ನನ್ನ ಗಂಡ ಯೋವ್ನಾ ಮೆಟ್ಟಿಲ ಮೇಲೆ ನಿಂತು, ಮೊದ್ಲು ನಿನ್ನ ಮಂಡಿ ನೋಡ್ಕೋ ಮುದುಕಾ, ನೀನು ನಡೆದ್ರೆ ಹಳೇ ಬಾಗಿಲು ತೆಗೆದ ಹಾಗೆ ಕೇಳ್ಸತ್ತೆ, ಅಂದೆ ನಾನು, ಇಬ್ಬರೂ ನಕ್ಕೆವು, ಇನ್ನೂ ಎರಡು ಗಂಟೆ ಆಗಿಲ್ಲ ಅದಕ್ಕೆ. ಇಂಜಿನ್ನು, ಬೆಲ್ಟು, ಕಾರ್ಬ್ಯುರೇಟರ್ ಎಲ್ಲ ನಾನು ಯಾರನ್ನೂ ಕೇಳದೆ ಬಿಚ್ಚಿ ಬಿಚ್ಚಿ ಕಲಿತದ್ದು, ಆದರೆ ಈ ಹಿಂಭಾಗಕ್ಕೆ ಕೈ ಹಾಕಿರಲಿಲ್ಲ, ಮುಂದಿನದು ನಿನಗೆ ಹಿಂದಿನದು ನನಗೆ ಅನ್ನುತ್ತಿದ್ದ ಯೋವ್ನಾ, ಅವನಪ್ಪನ ಕಾಲದ ಗಾಡಿ, ಹೋಗಲಿ ಎಂದು ಬಿಟ್ಟಿದ್ದೆ. ಬಿಟ್ಟಿದ್ದೆನಲ್ಲ. ಮೂವತ್ತನಾಲ್ಕು ವರ್ಷ ಈ ಹಳದಿ ನನ್ನ ಕೆಳಗೇ ಇತ್ತು.

ಹಿಂದಿನ ಸೀಟಿನಲ್ಲಿ ನಾನು, ಇಪ್ಪತ್ತೇಳು ವರ್ಷದ ನಾನು, ಐದು ತಿಂಗಳ ಹೊಟ್ಟೆ, ಈಸ್ಟರಿಗೆ ತಂಗಿಯ ಮದುವೆ, ಹೋಗಲೇಬೇಕೆಂದು ಹಟ ಹಿಡಿದವಳು ನಾನೇ, ಆ ಕಬ್ಬಿಣದ ಮೇಲೆ ಅರವತ್ತು ಕಿಲೋಮೀಟರ್ ಕೂರ್ತೀಯೇನೇ, ಮದುವೆ ಇನ್ನೊಂದು ಬರತ್ತೆ, ಮಲಕ್ಕೋ ಹೋಗು, ಅಂದರು ಯೋವ್ನಾನ ಅಮ್ಮ, ನನ್ನ ಅತ್ತೆ, ನಾನು ನಕ್ಕು ಮದುವೆಗಳಿಗೆ ಹಾಕುವ ಬೆಳ್ಳಿಯ ಪದಕ ಎದೆಗೆ ಸಿಕ್ಕಿಸಿಕೊಂಡೆ. ಗಾಳಿ ಬಡಿದು ಗಟ್ಟಿಯಾದ ಹಿಮ, ಉತ್ತ ಹೊಲದ ಹಾಗೆ ಸಾಲುಸಾಲು, ಪ್ರತಿ ಸಾಲೂ ಬೆನ್ನುಹುರಿ ಹತ್ತಿ ಹಲ್ಲಿಗೆ ಬಂದು ನಿಲ್ಲುತ್ತದೆ, ಯೋವ್ನಾ ಸ್ವಲ್ಪ ಮೆತ್ತಗೆ ಕಣೋ, ಅಂದೆ, ನಿಧಾನಾನೇ ಹೋಗ್ತಿದ್ದೀನಿ, ಗಾಡಿನೇ ಹಿಂಗೆ, ಗಟ್ಟಿಯಾಗಿ ಹಿಡ್ಕೋ, ಹಿಡಿದುಕೊಂಡೆ, ಒಂದು ಕೈ ಅವನ ಸೊಂಟಕ್ಕೆ ಒಂದು ಕೈ ಹೊಟ್ಟೆಗೆ. ಗಾಡಿಯೇ ಹೀಗೆ. ಗಾಡಿ ಹೀಗಿರಲಿಲ್ಲ, ಗಾಡಿಗೆ ಮೂರು ಬಗೆ ಇತ್ತು, ಆವತ್ತು ಹಿಂದೆ ಎಳೆಬಂಡಿ ಇರಲಿಲ್ಲ, ಇಬ್ಬರೇ ಇದ್ದೆವು, ಎರಡೂವರೆ ಜನ. ಅರ್ಧ ದಾರಿಯ ತಂಗುಮನೆಯಲ್ಲಿ ಇಳಿದಾಗ ಸೀಟಿಗೆ ಹಾಸಿದ್ದ ತೊಗಲು ಕೆಂಪಾಗಿತ್ತು. ಇದು ಯಾರ ತಪ್ಪೂ ಅಲ್ಲಮ್ಮ, ಕೆಲವು ಸಲ ಹೀಗಾಗತ್ತೆ, ಕಾರಣವೇ ಇರಲ್ಲ, ಅಂದಳು ಆಸ್ಪತ್ರೆಯ ನರ್ಸು, ಸರಿಯಾಗಿಯೇ ಹೇಳಿದಳೇನೋ, ಯಾರು ಬಲ್ಲರು, ಆದರೆ ನಾನು ಬಲ್ಲೆನಲ್ಲ, ಹೋಗಲೇಬೇಕೆಂದವಳು ನಾನಲ್ಲವೇ. ಅತ್ತೆ ನಾನು ಹೇಳಿರಲಿಲ್ವಾ ಎಂದು ಒಂದು ದಿನವೂ ಅನ್ನಲಿಲ್ಲ, ನಮ್ಮ ಕಡೆಯ ರೂಢಿಯಂತೆ ಬಿಸಿ ಕಾಫಿಯಲ್ಲಿ ಚೀಸಿನ ತುಂಡು ಹಾಕಿ ಮುಂದಿಟ್ಟರು ಅಷ್ಟೆ, ಅವರು ಅನ್ನದ್ದನ್ನು ನನಗೆ ನಾನೇ ಅಂದುಕೊಂಡೆ, ವರ್ಷಕ್ಕೊಂದು ಈಸ್ಟರ್, ಈಸ್ಟರಿಗೊಂದು ಮದುವೆ, ಯಾರ ಮದುವೆಗೂ ಹೋಗಲಿಲ್ಲ, ಮತ್ತೆ ಬಸಿರೂ ನಿಲ್ಲಲಿಲ್ಲ. ಯೋವ್ನಾ ಪಾಪ, ಎಷ್ಟು ಒಳ್ಳೆಯವನು, ನಿನ್ನ ತಪ್ಪು ಅಂತ ನಾನು ಯಾವತ್ತಾದ್ರೂ ಅಂದಿದ್ದೀನಾ, ಅನ್ನುತ್ತಿದ್ದ. ಅಂದಿಲ್ಲ. ಅದಕ್ಕೇ ಅವನ ಬಟ್ಟಲು ತುಂಬುವಾಗೆಲ್ಲ ನಾನು ಸಾಲ ಮಾಡಿದವಳ ಹಾಗೆ ತಲೆ ತಗ್ಗಿಸಿದ್ದು.

ಹಿಮದಲ್ಲಿ ಹೆಜ್ಜೆ, ಅವನೇ, ಮಂಡಿ ಕಿರುಗುಡುತ್ತಿದೆ, ಒಂದು ಕೈಯಲ್ಲಿ ಕಾಫಿ, ಒಂದು ಕೈಯಲ್ಲಿ ಒಣಮಾಂಸ, ತಗೊಳ್ಳೇ ಮೇಸ್ತ್ರಿ, ಹೊಟ್ಟೆಗೇನಾದ್ರೂ ಹಾಕ್ಕೋ, ಇದೇನು ದೆವ್ವ ಕಂಡವಳ ಹಾಗೆ ಕೂತಿದ್ದೀಯ, ಕಳಚಿದ್ದು ಜೋಡಿಸಕ್ಕೆ ಬರ್ತಿಲ್ವಾ, ಅನ್ನುತ್ತಾನೆ, ನಗುತ್ತಾನೆ. ನನ್ನ ಬೆರಳು ಹಳದಿಯ ಮೇಲಿದೆ. ಇದೇನು ಯೋವ್ನಾ, ಅಂದೆ. ಬಗ್ಗಿ ನೋಡಿದ, ಓ ಅದಾ, ಗಟ್ಟಿ ಮೆತ್ತಗೆ ಮಾಡೋದು, ಅಪ್ಪ ತೋರಿಸಿದ್ದ, ಅಂದ, ಇನ್ನೂ ನಗುವೇ ಇತ್ತು ಬಾಯಲ್ಲಿ, ಆಮೇಲೆ ನನ್ನ ಮುಖ ನೋಡಿದ, ನಗು ಅಲ್ಲೇ ನಿಂತಿತು, ತೆಗೆಯಲು ಮರೆತ ಟೋಪಿಯ ಹಾಗೆ. ಲೆಕ್ಕ ಹಾಕುತ್ತಿದ್ದಾನೆ. ಈಸ್ಟರ್, ಸಾಲುಹಿಮ, ತಂಗುಮನೆ. ಕಾಫಿ ಅವನ ಕೈಗವಸಿನ ಮೇಲೆ ಚೆಲ್ಲಿತು, ಅವನಿಗೆ ಗೊತ್ತಾಗಲಿಲ್ಲ. ಅದು ತಿರುಗ್ತಿರಲಿಲ್ಲ ರಿಸ್ತಿನ್, ಅಂದ. ಆವತ್ತು ನೋಡ್ದೆ, ಹೊರಡೋ ಮೊದ್ಲು, ಕಚ್ಕೊಂಡಿತ್ತು, ಅಪ್ಪನ ಕಾಲದಿಂದ್ಲೂ ಕಚ್ಕೊಂಡಿತ್ತು, ತಿರುಗಿದ್ರೆ ತಿರುಗಿಸ್ತಿರಲಿಲ್ವಾ ನಾನು. ಮೂವತ್ತನಾಲ್ಕು ವರ್ಷ ಹೇಳಲೇ ಇಲ್ವಲ್ಲೋ, ಅಂದೆ. ನೀನು ಕೇಳ್ಲೇ ಇಲ್ವಲ್ಲೇ, ಅಂದ, ಮೆಲ್ಲಗೆ, ಬಟ್ಟಲನ್ನು ಕೆಲಸದ ಮೇಜಿನ ತುದಿಗಿಟ್ಟು ಹೊರಟ, ಕಿರುಗುಟ್ಟುವ ಹೆಜ್ಜೆ, ಬಾಗಿಲು ದಾಟಿ ಹಿಮಕ್ಕಿಳಿಯಿತು.

ಕಚ್ಚಿಕೊಂಡಿತ್ತು. ಸರಿ, ಕಬ್ಬಿಣ ಕಚ್ಚಿಕೊಳ್ಳುತ್ತದೆ, ಉಪ್ಪು ನೀರು ಹಿಮ, ಎಷ್ಟು ಬೋಲ್ಟುಗಳಿಗೆ ಬೆಂಕಿ ಹಿಡಿದು ಬಿಚ್ಚಿಲ್ಲ ನಾನು, ಕಚ್ಚಿಕೊಂಡಿದ್ದರೆ ಅವನದೂ ತಪ್ಪಲ್ಲ ನನ್ನದೂ ಅಲ್ಲ, ಕಬ್ಬಿಣದ್ದು, ಗುರುವಾರ ಜೊತೆಗೇ ಹೊರಡಬಹುದು, ಮುದುಕಾ ಎಂದು ಕರೆಯಬಹುದು. ಆದರೆ ಕಣ್ಣಿದೆಯಲ್ಲ, ಹಾಳು ಮೆಕ್ಯಾನಿಕ್ಕಿನ ಕಣ್ಣು, ಸ್ಪ್ಯಾನರ್ ಹಿಡಿಯುವ ಆರು ಮೂಲೆಗಳಲ್ಲಿ ಒಂದಕ್ಕೂ ಗೀರಿಲ್ಲ, ಕಚ್ಚಿಕೊಂಡದ್ದನ್ನು ತಿರುಗಿಸಲು ಹೋದವನು ಮೂಲೆ ಕೆರೆಯದೆ ಬಿಡುತ್ತಾನೆಯೇ, ಆವತ್ತಿನ ಮೈನಸ್ ಮೂವತ್ತರ ಚಳಿಯಲ್ಲಿ ಕೈಗವಸು ತೆಗೆಯಬೇಕಲ್ಲ, ಬಗ್ಗಬೇಕಲ್ಲ, ಒಂದು ನಿಮಿಷದ ಕೆಲಸ, ಇಲ್ಲ, ಹಾಗೆ ಯೋಚಿಸಬೇಡ, ಬಣ್ಣದ ಕೆಳಗೆ ತುಕ್ಕಿರಬಹುದು, ಒಳಗೆ ಕಚ್ಚಿರಬಹುದು, ಇರಲಿ, ದೇವರೇ ಕಚ್ಚಿರಲಿ. ಹದಿನೇಳರ ಸ್ಪ್ಯಾನರ್. ಸರಿಯಾಗಿ ಕೂತಿತು. ಕಾಲು ಊರಿದೆ, ಉಸಿರು ಹಿಡಿದೆ, ಮೈಭಾರವೆಲ್ಲ ಹಾಕಬೇಕೆಂದುಕೊಂಡೆ, ತಿರುಗಬೇಡ, ತಿರುಗಬೇಡ ನನ್ನಪ್ಪಾ, ಇನ್ನೂ ಭಾರ ಹಾಕಿಯೇ ಇಲ್ಲ, ಬರೀ ಕೈಯ ತೂಕ — ಟಕ್, ಎರಡು, ಸ್ಪ್ರಿಂಗಿನ ಕಾಲು ಹಳದಿಯ ಮೇಲೆ, ಇಷ್ಟೇನಾ, ಟಕ್, ಒಂದು, ಹಳದಿ, ಇಷ್ಟೇ, ಮಗು ಕೈ ಹಿಡಿದು ಬಂದ ಹಾಗೆ ಬಂತು, ಹಳದಿ, ಇಷ್ಟು ಮೆತ್ತಗೆ, ಹಳದಿ —