ಫಿಲ್ಟರಿಗೆ ಕಟ್ಟಿದ ಬಟ್ಟೆ

ನಿಂತಿತು, ತನ್ನಷ್ಟಕ್ಕೇ ನಿಂತಿತು ಕಂಪ್ರೆಸರ್, ಈಗ ಆಚೆ ಕೋಣೆಯಲ್ಲಿ ಗೇರುಬೀಜ ಸುಲಿಯುವ ಹೆಂಗಸರ ಮಾತು ಕೂಡ ಕೇಳಿಸುತ್ತದೆ, ಟ್ಯಾಂಕಿನಲ್ಲಿ ಗಾಳಿ ತುಂಬಿದರೆ ನಿಲ್ಲಲೇಬೇಕಲ್ಲ, ಆದರೆ ಹೋದ ತಿಂಗಳವರೆಗೆ ಆರು ತಿಂಗಳು ಅದು ನಿಂತದ್ದೇ ಇಲ್ಲ, ಹದಿನೆಂಟು ವರ್ಷ ಕುಂಬ್ರದ ಈ ಕಾರ್ಖಾನೆಯಲ್ಲಿ ಸ್ಪ್ಯಾನರ್ ಹಿಡಿದ ತಿರುಮಲೇಶ್ವರನಿಗೆ ಅದು ತಿಳಿಯಲಿಲ್ಲ ಅಂದರೆ ನಾಚಿಕೆ — ಬುದ್ಧಿವಂತಿಕೆ ಮಾಡಿದ್ದ, ದೊಡ್ಡ ಬುದ್ಧಿವಂತಿಕೆ, ಬೀಜದ ಕೆಂಪು ಸಿಪ್ಪೆಯ ಪುಡಿ ಹಾರಿ ಫಿಲ್ಟರ್ ಹಾಳಾಗುತ್ತದೆಂದು ಗಾಳಿ ಎಳೆಯುವ ಬಾಯಿಗೆ ಹಳೆಯ ಲುಂಗಿಯ ತುಂಡನ್ನು ಎರಡು ಮಡಿಕೆ ಮಾಡಿ ಕಟ್ಟಿದ್ದ, ಹೊಸ ಫಿಲ್ಟರ್ ತರುದು ಉಳೀತಲ್ಲ ಮಾರಾಯ, ನಿನ್ನ ತಲೆಯೇ ತಲೆ, ಎಂದು ಧಣಿ ಕೃಷ್ಣಮೋಹನರು ಬೆನ್ನು ತಟ್ಟಿದ್ದರು, ಇವನೂ ಉಬ್ಬಿದ್ದ. ಬಟ್ಟೆಯ ಮೇಲೆ ಪುಡಿ ಕೂತು, ಮಳೆಗಾಲದ ತೇವಕ್ಕೆ ಒಣರೊಟ್ಟಿಯಂತೆ ಗಟ್ಟಿಯಾಗಿ, ಯಂತ್ರ ಉಸಿರು ಸಿಗದೆ ದಿನವಿಡೀ ಓಡಿ ಓಡಿ ಕರೆಂಟು ತಿಂದದ್ದು ಬಿಲ್ಲಿನಲ್ಲಿ ಬಂತು, ಧಣಿಯ ಕಣ್ಣಿಗೆ ಬಿದ್ದದ್ದು ಮಾತ್ರ ಸುಲಿಯುವ ಕೋಣೆಯ ಫ್ಯಾನುಗಳು, ಅಲ್ಲಿ ಅಷ್ಟು ಜನ, ಅಷ್ಟು ಫ್ಯಾನು ಎಂತಕ್ಕೆ, ಸೇವಂತಿಯ ಸಾಲಿನವರು ನಾಳೆಯಿಂದ ಬರುದು ಬೇಡ ಅಂತ ಹೇಳು — ಹೇಳಿದವನು ಇವನೇ, ಹೇಳಿ ಬಂದ ಮೇಲೆ ಯಾಕೋ ಸಂಶಯ ಹುಟ್ಟಿ ಫಿಲ್ಟರಿನ ಬಟ್ಟೆ ಬಿಚ್ಚಿದ, ಬಿಚ್ಚಿದ್ದೇ ತಡ ಯಂತ್ರ ಹಗುರಾಯಿತು, ಒಂದು ದಿನ ಮೊದಲು ಬಿಚ್ಚಬಾರದಿತ್ತೇ, ಥೂ. ಬರುದು ಬೇಡ ಎಂದಾಗ ಸೇವಂತಿ ಜಗಳವಾಡಲಿಲ್ಲ, ಸೆರಗಿಗೆ ಬೆರಳು ಒರೆಸುತ್ತ, ನಮ್ಮಿಂದ ಎಂತ ತಪ್ಪಾಯ್ತು ತಿರುಮಲಣ್ಣ, ಸಿಪ್ಪೆ ಹಾರ್ತದೆ ಅಂತ ನಾವು ಫ್ಯಾನು ಹಾಕುದೇ ಇಲ್ಲ, ನಿಮಗೆ ಗೊತ್ತುಂಟಲ್ಲ, ಎಂದಳು, ಗೊತ್ತಿತ್ತು ಇವನಿಗೆ, ತಪ್ಪು ನನ್ನದು ಎಂದು ಈ ಒಂದು ತಿಂಗಳಲ್ಲಿ ಯಾವತ್ತು ಬೇಕಾದರೂ ಧಣಿಗೆ ಹೇಳಬಹುದಿತ್ತು, ಹೇಳಿದರೆ ಬೆನ್ನು ತಟ್ಟಿದ ಕೈಯೇ ಕತ್ತು ಹಿಡಿದು ದಬ್ಬುತ್ತದೆ, ಐವತ್ತು ದಾಟಿದವನಿಗೆ ಯಾರು ಕೆಲಸ ಕೊಡುತ್ತಾರೆ, ಬಿಲ್ಲು ಇಳಿಯಲಿ, ಧಣಿ ಖುಷಿಯಲ್ಲಿರುವಾಗ ಹೇಳಿ ಅವರನ್ನೆಲ್ಲ ವಾಪಸ್ ಕರೆಸಿದರಾಯಿತು ಎಂದು ದಿನ ತಳ್ಳಿದ, ಹೇಡಿ, ಇಗೋ ಬಂದರು ಧಣಿ, ಕೈಯಲ್ಲಿ ಈ ತಿಂಗಳ ಬಿಲ್ಲು, ಮುಖದಲ್ಲಿ ನಗು, ಹೇಳು, ಈಗಲಾದರೂ ಹೇಳು — ನೋಡಿದೆಯಾ ಮಾರಾಯ, ನಾನು ಹೇಳ್ಲಿಲ್ವಾ, ಒಂದು ಸಾಲು ತೆಗೆದದ್ದಕ್ಕೇ ಇಷ್ಟು ಇಳಿದದ್ದು, ಇನ್ನು ದೇವಮ್ಮನ ಸಾಲಿಗೂ ಹೇಳಿಬಿಡು — ಬಾಯಿ ತೆರೆದ, ಹೌದು ಧಣಿ ಎಂಬುದಷ್ಟೇ ಹೊರಬಂತು, ಕಿಟಕಿಯಾಚೆ ದೇವಮ್ಮ ತಲೆ ಎತ್ತದೆ ಸುಲಿಯುತ್ತಿದ್ದಾಳೆ, ಸಿಪ್ಪೆಯಿಂದ ಕೆಂಪಾದ ಬೆರಳು, ಒಂದು ಬೀಜ ಇಟ್ಟು ಇನ್ನೊಂದಕ್ಕೆ ಹೋಗುವ ಬೆರಳು, ಆ ಬೆರಳು ನಾಳೆಯಿಂದ —