ಅಜ್ಜಿ ಹೇಳಿದ ಬಾಳೆಹಣ್ಣಿನ ಮಾತು

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ವಾರ್ಡಿನ ಕಿಟಕಿ ಪಕ್ಕದ ಮಂಚದ ಮೇಲೆ ಮೂರು ತಲೆಮಾರು ಕೂತಿತ್ತು. ಅಜ್ಜಿ, ಅಜ್ಜಿಯ ಮಗಳು, ಆ ಮಗಳ ಮಡಿಲಲ್ಲಿ ಏಳು ತಿಂಗಳ ಹೆಣ್ಣು ಕೂಸು. ಕೂಸಿನ ತೂಕ ಐದೂವರೆ ಕಿಲೋ. ಹುಟ್ಟಿದಾಗಿನಿಂದ ಹೃದಯದಲ್ಲಿ ಒಂದು ತೂತು, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು. ಅತ್ತರೆ ಸಾಕು, ತುಟಿ, ಉಗುರು ಎಲ್ಲ ನೀಲಿಗಟ್ಟುತ್ತಿತ್ತು. ಇಂಥ ಕಡ್ಡಿಯಂಥ ಕೂಸಿಗೆ ಅಜ್ಜಿ ಇಟ್ಟುಕೊಂಡಿದ್ದ ಹೆಸರು ಗುಂಡಮ್ಮ. ಕರೆದೂ ಕರೆದೂ ಒಂದು ದಿನ ಗುಂಡಾಗುತ್ತಾಳೆ ಅನ್ನುವುದು ಆಕೆಯ ನಂಬಿಕೆ.

ಮಗುವಿಗೆ ಅರಿವಳಿಕೆ ಕೊಟ್ಟು, ಆಪರೇಷನ್ ಮುಗಿಯುವತನಕ ಅದರ ಉಸಿರು ಕಾಯಬೇಕಾದ ಡಾಕ್ಟರ್ ಪ್ರಶ್ನೆಗಳ ಹಾಳೆ ಹಿಡಿದು ಬಂದಳು. ಥಿಯೇಟರಿನಲ್ಲಿ ಅವಳಿಗೆ ಉಸಿರಮ್ಮ ಎಂದೇ ಹೆಸರು. ಎದುರಿಗೂ ಹಾಗೆಯೇ ಕರೆಯುತ್ತಿದ್ದರು, ಅವಳಿಗೂ ಅದು ಒಳಗೊಳಗೇ ಇಷ್ಟ. ಜ್ವರ ಬಂದಿತ್ತಾ, ಕೆಮ್ಮು ಇದೆಯಾ, ಕೊನೆಯ ಸಲ ಹಾಲು ಯಾವಾಗ ಎಂದು ಕೇಳುತ್ತಾ ಹೋದಳು. ತಾಯಿ ಒಂದೊಂದಕ್ಕೂ ಅಳೆದು ತೂಗಿ ಉತ್ತರ ಕೊಟ್ಟಳು. ಅಜ್ಜಿಗೆ ಅಷ್ಟು ತಾಳ್ಮೆ ಇರಲಿಲ್ಲ.

"ಹಾಲು ಚೆನ್ನಾಗೇ ಕುಡೀತಾಳೆ ಡಾಕ್ಟ್ರಮ್ಮ. ಬಾಳೆಹಣ್ಣು ಹಿಸುಕಿ ಕೊಟ್ರೆ ಮಾತ್ರ ಆಗಲ್ಲ. ನುಂಗೋವಾಗ ಕತ್ತು ಹಿಂದಕ್ಕೆ ಚೆಲ್ತಾಳೆ, ಉಸಿರು ಸಿಕ್ಕಾಕಿಕೊಳ್ಳುತ್ತೆ. ಹಣ್ಣು ಕೆಳಗಿಳಿದ ಮೇಲೆ ಸರಿಹೋಗುತ್ತೆ."

ಮಗಳು ಅಜ್ಜಿಯ ಮೊಣಕೈ ತಿವಿದಳು. ಬಂದವರಿಗೆಲ್ಲ ಇದೇ ಬಾಳೆಹಣ್ಣಿನ ಪುರಾಣ ಎಂದು ಬೇಸರಪಟ್ಟುಕೊಂಡಳು. ಉಸಿರಮ್ಮ ಗಡಿಯಾರ ನೋಡಿದಳು. ಇನ್ನೂ ಮೂರು ಮಕ್ಕಳನ್ನು ನೋಡುವುದಿತ್ತು.

"ಹೃದಯ ಸರಿಹೋದ್ರೆ ಎಲ್ಲಾನೂ ಸರಿಹೋಗುತ್ತೆ ಅಜ್ಜಿ," ಎಂದು ನಕ್ಕು, ಹಾಳೆಯಲ್ಲಿ ಏನೂ ಬರೆದುಕೊಳ್ಳದೆ ಎದ್ದಳು.

ಹೃದಯದ ವಿಭಾಗದಲ್ಲಿ ಕೆಲಸ ಮಾಡುವವರಿಗೆ ಇದೊಂದು ಚಾಳಿ. ಮಗು ಬೆವೆತರೆ ಹೃದಯ, ಸೊರಗಿದರೆ ಹೃದಯ, ಸೀನಿದರೂ ಅದನ್ನು ಹೃದಯದ ತಲೆಗೇ ಕಟ್ಟಿಬಿಡುತ್ತಾರೆ. ಹದಿನೆಂಟು ವರ್ಷ ಅದೇ ಗಾಳಿ ಕುಡಿದ ಉಸಿರಮ್ಮನೂ ಅದಕ್ಕೆ ಹೊರತಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಗುಂಡಮ್ಮ ಮೇಜಿನ ಮೇಲಿದ್ದಳು. ಉಸಿರಮ್ಮ ಪೆನ್ಸಿಲ್ಲಿಗಿಂತ ಸಣ್ಣ ಟ್ಯೂಬನ್ನು ಮಗುವಿನ ಬಾಯಿಯಿಂದ ಶ್ವಾಸನಾಳದೊಳಕ್ಕೆ ಇಳಿಸಿದಳು. ತುಟಿಗೆ ತಾಗುವ ಜಾಗದಲ್ಲಿ ಟ್ಯೂಬಿನ ಮೇಲೆ ಪೆನ್ನಿನಿಂದ ಒಂದು ಚುಕ್ಕೆ ಇಟ್ಟು, ತಾನೇ ಪಟ್ಟಿ ಅಂಟಿಸಿದಳು. ಆ ಕೆಲಸವನ್ನು ಅವಳು ಇನ್ನೊಬ್ಬರಿಗೆ ಬಿಟ್ಟವಳೇ ಅಲ್ಲ. ಚುಕ್ಕೆ ತುಟಿಯಲ್ಲಿದ್ದರೆ ಟ್ಯೂಬ್ ಇದ್ದಲ್ಲೇ ಇದೆ ಎಂದು ಅರ್ಥ.

ಆಮೇಲೆ ಎಕೋ ಡಾಕ್ಟರ್ ತನ್ನ ಕಡ್ಡಿ ಹಿಡಿದು ಬಂದ. ಕಿರುಬೆರಳ ಗಾತ್ರದ ಆ ಕಡ್ಡಿಯನ್ನು ಅನ್ನನಾಳದಲ್ಲಿ ಇಳಿಸಿದರೆ ಹೃದಯದ ಚಿತ್ರ ಹಿಂದುಗಡೆಯಿಂದ ಪರದೆಯ ಮೇಲೆ ಮೂಡುತ್ತದೆ. ಅನ್ನನಾಳವೂ ಶ್ವಾಸನಾಳವೂ ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳಂತೆ ಅಂಟಿಕೊಂಡಿರುತ್ತವೆ; ಅನ್ನನಾಳ ಹಿಂದೆ, ಶ್ವಾಸನಾಳ ಮುಂದೆ. ಕಡ್ಡಿ ಒಳಗೆ ಹೋದಾಗ ಯಂತ್ರ ಗಾಳಿ ತಳ್ಳುವ ಒತ್ತಡ ಹದಿನೆಂಟರಿಂದ ಇಪ್ಪತ್ತೆರಡಕ್ಕೆ ಏರಿತು. ಉಸಿರಮ್ಮ ಹುಬ್ಬು ಗಂಟಿಕ್ಕಿದಳು. ಅವನು ಕಡ್ಡಿಯನ್ನು ತುಸು ಮೇಲಕ್ಕೆಳೆದ, ಹತ್ತೊಂಬತ್ತಕ್ಕೆ ಇಳಿಯಿತು. ಅವಳೂ ಅದನ್ನು ಅಲ್ಲಿಗೇ ಬಿಟ್ಟಳು.

ಎದೆ ತೆರೆದವರು ದೊಡ್ಡ ಸರ್. ಮಾತು ಕಡಿಮೆ, ಕೈ ಚುರುಕು. ಹೃದಯದ ಕೆಲಸವನ್ನು ಪಂಪಿಗೆ ಒಪ್ಪಿಸಿ, ಹೃದಯ ನಿಲ್ಲಿಸಿ, ತೂತಿಗೆ ತೇಪೆ ಹಾಕಿದರು. ಶ್ವಾಸಕೋಶದ ಕಡೆಯ ದಾರಿಯನ್ನು ಸೀಳಿ, ಅಲ್ಲೂ ಒಂದು ತೇಪೆ ಹೊಲಿದು ಅಗಲ ಮಾಡಿದರು. ಪಂಪಿನ ಉಸ್ತುವಾರಿ ಪಂಪಣ್ಣನದು. ಅವನು ರಕ್ತಕ್ಕೆ ಆಮ್ಲಜನಕ ಕೊಡುತ್ತಿರುವಷ್ಟು ಹೊತ್ತು ಮಗು ಉಸಿರಾಡಬೇಕಿಲ್ಲ, ಉಸಿರಿನ ಯಂತ್ರ ಬಂದ್. ಹೀಗೆ ಎರಡು ಗಂಟೆ ಕಳೆಯಿತು.

ಹೃದಯ ಮತ್ತೆ ಬಡಿಯತೊಡಗಿದಾಗ ಉಸಿರಮ್ಮ ಯಂತ್ರ ಹಾಕಿ, ಯಾವತ್ತಿನಂತೆ ಗಟ್ಟಿಯಾಗಿ "ಉಸಿರು ಶುರು" ಎಂದಳು. ಆ ಮಾತು ಕೇಳಿಸದೆ ಪಂಪಣ್ಣ ಪಂಪು ನಿಲ್ಲಿಸುವುದಿಲ್ಲ. ಕೇಳಿಸಿಕೊಂಡು, ತಾನೂ ಒಮ್ಮೆ ಹೇಳಿ, ನಿಧಾನಕ್ಕೆ ನಿಲ್ಲಿಸಿದ. ಪುಟ್ಟ ಹೃದಯ ತನ್ನ ಪಾಡಿಗೆ ತಾನು ಬಡಿಯುತ್ತಿತ್ತು. ದೊಡ್ಡ ಸರ್ ಚಿತ್ರ ಕೇಳಿದರು. ಎಕೋ ಡಾಕ್ಟರ್ ಕಡ್ಡಿಯನ್ನು ಮತ್ತೆ ಕೆಳಕ್ಕೆ ತಳ್ಳಿ, ತುದಿಯನ್ನು ಮುಂದಕ್ಕೆ ಬಾಗಿಸಿ ಹುಡುಕತೊಡಗಿದ.

ಒಂದು ನಿಮಿಷ ಎಲ್ಲ ಸರಿಯಿತ್ತು. ಆಮೇಲೆ ಒತ್ತಡ ಇಪ್ಪತ್ತಾರಾಯಿತು, ಮೂವತ್ತೆರಡಾಯಿತು. ರಕ್ತದ ಆಮ್ಲಜನಕ ತೊಂಬತ್ತೆಂಟರಿಂದ ತೊಂಬತ್ತಕ್ಕೆ, ಎಂಬತ್ತೊಂದಕ್ಕೆ ಬಿತ್ತು. ಉಸಿರಮ್ಮ ಯಂತ್ರ ಬಿಡಿಸಿ ರಬ್ಬರ್ ಚೀಲವನ್ನು ಕೈಗೆ ತೆಗೆದುಕೊಂಡು ಹಿಸುಕಿದಳು. ಚೀಲ ಕಲ್ಲಾಗಿತ್ತು. ಹೊದಿಕೆ ಎತ್ತಿ ನೋಡಿದಳು. ಚುಕ್ಕೆ ತುಟಿಯಲ್ಲೇ ಇತ್ತು. ಕಫ ಕಟ್ಟಿರಬಹುದೆಂದು ಸಣ್ಣ ನಳಿಕೆ ಇಳಿಸಿದಳು. ಅದು ಟ್ಯೂಬ್ ದಾಟಿ ಚೂರು ಮುಂದೆ ಹೋಗಿ ನಿಂತುಬಿಟ್ಟಿತು. ಕಫವೂ ಬರಲಿಲ್ಲ, ರಕ್ತವೂ ಬರಲಿಲ್ಲ.

ಎಪ್ಪತ್ತನಾಲ್ಕು.

ಮೇಜಿನ ಆಚೆ ದೊಡ್ಡ ಸರ್ ನೋಡುತ್ತಿದ್ದುದು ಹೃದಯವನ್ನು. ಅದರ ಬಲಭಾಗ ಉಬ್ಬುತ್ತಿತ್ತು. ತಾವು ಅಗಲ ಮಾಡಿದ ದಾರಿ ಸಾಲುತ್ತಿಲ್ಲ ಎಂದು ಅವರು ತೀರ್ಮಾನಕ್ಕೆ ಬಂದಾಗಿತ್ತು.

"ಮತ್ತೆ ಪಂಪಿಗೆ ಹೋಗೋಣ. ಹೃದಯ ನಿಲ್ಲಿಸಿ ತೇಪೆ ಬಿಚ್ತೀನಿ, ದೊಡ್ಡದು ಹಾಕ್ಬೇಕು."

ಎರಡನೇ ಸಲ ನಿಲ್ಲಿಸಿದ ಹೃದಯ ಎರಡನೇ ಸಲವೂ ಎದ್ದೇಳುತ್ತದೆ ಎಂದು ಬರೆದುಕೊಡುವವರು ಯಾರೂ ಇಲ್ಲ, ಅದೂ ಇಷ್ಟು ಸೊರಗಿದ ಕೂಸಿನದು. ಅದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಪಂಪಣ್ಣನ ಕೈ ಆಗಲೇ ಗುಂಡಿಯ ಮೇಲಿತ್ತು.

ಉಸಿರಮ್ಮನ ಕೈಯಲ್ಲಿ ಚೀಲ, ಕಣ್ಣು ಮಗುವಿನ ಬಾಯಿಯ ಮೇಲೆ. ಆ ಪುಟ್ಟ ಬಾಯಲ್ಲಿ ಎರಡು ವಸ್ತುಗಳಿದ್ದವು. ಒಂದು ಅವಳ ಟ್ಯೂಬ್. ಇನ್ನೊಂದು ಅದಕ್ಕಿಂತ ದಪ್ಪಗೆ, ಮಗು ನುಂಗಿದ ಹಾಗೆ ಕೆಳಗಿಳಿದಿದ್ದ ಕಡ್ಡಿ. ನುಂಗೋವಾಗ ಕತ್ತು ಹಿಂದಕ್ಕೆ ಚೆಲ್ತಾಳೆ. ಹಾಲಾದರೆ ಸಲೀಸು. ಗಟ್ಟಿ ಪದಾರ್ಥವಾದರೆ ಉಸಿರು ಸಿಕ್ಕಿಕೊಳ್ಳುತ್ತದೆ, ಇಳಿದ ಮೇಲೆ ಸರಿಹೋಗುತ್ತದೆ. ಅಜ್ಜಿಯ ಮಾತು ಅಕ್ಷರ ಅಕ್ಷರವೂ ನೆನಪಿಗೆ ಬಂತು, ತನ್ನ ನಗುವೂ ನೆನಪಿಗೆ ಬಂತು.

"ಸರ್, ಅರ್ಧ ನಿಮಿಷ ಕೊಡಿ. ಹೃದಯದ ತಪ್ಪಲ್ಲ ಇದು." ಎಕೋ ಡಾಕ್ಟರ್ ಕಡೆ ತಿರುಗಿದಳು. "ಕಡ್ಡಿ ಹೊರಗೆ ತೆಗೀರಿ."

ತೆಗೆದರೆ ಚಿತ್ರವೇ ಇರುವುದಿಲ್ಲವಲ್ಲ ಎಂದು ಅವನು ದೊಡ್ಡ ಸರ್ ಮುಖ ನೋಡಿದ. ಅವರ ಕಣ್ಣು ಹೃದಯವನ್ನು ಬಿಟ್ಟು ಕದಲಲಿಲ್ಲ. ಅರವತ್ತೆಂಟು. ಅವಳ ಊಹೆ ತಪ್ಪಾಗಿದ್ದರೆ ಆ ಅರ್ಧ ನಿಮಿಷ ಮಗುವಿನ ಆಯುಸ್ಸಿನಿಂದ ಕಿತ್ತುಕೊಂಡಂತೆ. ಉಸಿರಮ್ಮ ಇನ್ನು ಕಾಯಲಿಲ್ಲ. ಒಂದು ಕೈಯಲ್ಲಿ ಟ್ಯೂಬನ್ನು ತುಟಿಗೆ ಒತ್ತಿ ಹಿಡಿದು, ಬಾಗಿದ ತುದಿ ನೆಟ್ಟಗೆ ಮಾಡಿ ಅಂತ ಅವನಿಗೆ ಗದರಿ, ಇನ್ನೊಂದು ಕೈಯಿಂದ ಕಡ್ಡಿಯನ್ನು ತಾನೇ ಎಳೆದು ತೆಗೆದಳು.

ಚೀಲ ಹಿಸುಕಿದಳು. ಇನ್ನೂ ಬಿಗಿಯಿತ್ತು. ಮತ್ತೆ ಹಿಸುಕಿದಳು. ಮೂರನೆಯದಕ್ಕೆ ಅಂಗೈಯೊಳಗೆ ಚೀಲ ಮೆತ್ತಗಾಯಿತು. ತೆರೆದ ಎದೆಯಲ್ಲಿ ಎರಡೂ ಶ್ವಾಸಕೋಶಗಳು ಗುಲಾಬಿ ಬಣ್ಣಕ್ಕೆ ತಿರುಗಿ ಅಂಚಿನತನಕ ಉಬ್ಬಿ ಬಂದವು. ಪರದೆಯ ಮೇಲಿನ ಅಂಕಿ ಮಾತ್ರ ಅರವತ್ತಾರು, ಅರವತ್ತನಾಲ್ಕು ಎಂದು ಇನ್ನೂ ಇಳಿಯುತ್ತಲೇ ಇತ್ತು. ಹೊಸ ಉಸಿರಿನ ರಕ್ತ ಅಳೆಯುವ ಕ್ಲಿಪ್ಪಿರುವ ಬೆರಳ ತುದಿಗೆ ಬರಲು ಹೊತ್ತು ಹಿಡಿಯುತ್ತದೆ ಎಂದು ಅವಳಿಗೆ ಗೊತ್ತು. ಚೀಲ ಹಿಸುಕುತ್ತಲೇ ಹೋದಳು. ಎಪ್ಪತ್ತು ಬಂತು, ಎಂಬತ್ತಮೂರು ಬಂತು, ತೊಂಬತ್ತೈದು ಬಂತು. ಶ್ವಾಸಕೋಶಕ್ಕೆ ಗಾಳಿ ಸಿಕ್ಕಿದ್ದೇ ಉಬ್ಬಿದ್ದ ಹೃದಯ ತಾನಾಗಿ ಇಳಿಯಿತು.

ಪಂಪಣ್ಣ ಗುಂಡಿಯ ಮೇಲಿಂದ ಕೈ ತೆಗೆದು ಅಂಗಿಗೆ ಒರೆಸಿಕೊಂಡ. ದೊಡ್ಡ ಸರ್ ಮೊದಲ ಸಲ ತಲೆ ಎತ್ತಿ, ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದರು. ಅನುಭವ ಅಂದುಬಿಡಬಹುದಿತ್ತು. ಎಲ್ಲರೂ ನಂಬುತ್ತಿದ್ದರು.

"ನನಗೆ ಹೊಳೆದದ್ದಲ್ಲ ಸರ್. ಮಗು ಗಟ್ಟಿ ಏನಾದ್ರೂ ನುಂಗಿದ್ರೆ ಉಸಿರು ಕಟ್ಟುತ್ತೆ ಅಂತ ಇವಳ ಅಜ್ಜಿ ನಿನ್ನೆನೇ ಹೇಳಿದ್ರು. ನಾನು ಬರ್ಕೊಳ್ಳಲಿಲ್ಲ."

ಹೃದಯದಿಂದ ಹೊರಟು ಎಡಕ್ಕೆ ಬಾಗಬೇಕಾದ ದೊಡ್ಡ ರಕ್ತನಾಳ ಈ ಮಗುವಿನಲ್ಲಿ ಬಲಕ್ಕೆ ಬಾಗಿದೆ ಎಂದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಇಂಥ ಮಕ್ಕಳಲ್ಲಿ ಅದು ಅಪರೂಪವಲ್ಲವೆಂದು ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ದೊಡ್ಡ ಸರ್ ಈಗ ಅದರ ಹಿಂದಕ್ಕೆ ಬೆರಳು ತೂರಿಸಿ ತಡಕಿದರು. ಯಾವ ಚಿತ್ರದಲ್ಲೂ ಕಾಣದ ಒಂದು ತಂತು, ಬಿಗಿದ ದಾರದಂತೆ, ರಕ್ತನಾಳಗಳ ಜೊತೆ ಸೇರಿ ಅನ್ನನಾಳವನ್ನೂ ಶ್ವಾಸನಾಳವನ್ನೂ ಒಟ್ಟಿಗೆ ಸುತ್ತುಗಟ್ಟಿ ಹಿಡಿದಿತ್ತು. ಆ ಉಂಗುರದೊಳಗೆ ಅನ್ನನಾಳ ಉಬ್ಬಿದರೆ ಶ್ವಾಸನಾಳ ಚಪ್ಪಟೆಯಾಗದೆ ಇನ್ನೇನಾದೀತು. ತಂತುವಿನ ಎರಡು ತುದಿ ಕಟ್ಟಿ, ನಡುವೆ ಕತ್ತರಿಸಿದರು. ಉಸಿರಮ್ಮನ ಯಂತ್ರದಲ್ಲಿ ಒತ್ತಡ ಹದಿನೈದಕ್ಕೆ ಇಳಿಯಿತು. ಬೆಳಿಗ್ಗೆ ಮೊದಲ ಉಸಿರಿಗೂ ಅಷ್ಟು ಸಲೀಸಿರಲಿಲ್ಲ. ಹೃದಯದ ಮೇಲೆಯೇ ಉಪಕರಣ ಇಟ್ಟು ಎಕೋ ಡಾಕ್ಟರ್ ಚಿತ್ರ ನೋಡಿದ. ತೇಪೆಗೆ ಏನೂ ಆಗಿರಲಿಲ್ಲ. ಬಿಚ್ಚಿದ್ದರೆ ಸುಮ್ಮನೆ ಬಿಚ್ಚಿದಂತಾಗುತ್ತಿತ್ತು.

ಮೂರು ದಿನದ ಮೇಲೆ ಟ್ಯೂಬ್ ತೆಗೆದರು. ಗುಂಡಮ್ಮ ಒರಟು ದನಿಯಲ್ಲಿ ಅತ್ತಳು, ಆದರೂ ತುಟಿ ಕೆಂಪಗೇ ಇತ್ತು. ದೊಡ್ಡ ಸರ್ ಮೊದಲ ದಿನವೇ ಮನೆಯವರಿಗೆ ಎಲ್ಲ ಹೇಳಿದ್ದರು, ಉಂಗುರ, ತಂತು, ಕಡ್ಡಿ ಎಲ್ಲ. ಅವರು ಹೇಳದೇ ಇದ್ದದ್ದು ಒಂದೇ. ಅದನ್ನು ಹೇಳಬೇಕಾದವಳು ತಾನು ಎಂದು ಉಸಿರಮ್ಮನಿಗೆ ಗೊತ್ತಿತ್ತು, ಮೂರು ದಿನದಿಂದ ಮುಂದೂಡುತ್ತಿದ್ದಳು. ಅಂದು ಮಧ್ಯಾಹ್ನ ಹೊರಗಿನ ಬೆಂಚಿನ ಹತ್ತಿರ ಹೋದಳು. ಮಗಳು ತಟ್ಟನೆ ಎದ್ದು ನಿಂತಳು. ಅಜ್ಜಿ ಏಳಲಿಲ್ಲ, ಮಂಡಿ ನೋವು.

"ಅಜ್ಜಿ, ಬಾಳೆಹಣ್ಣಿನ ವಿಷಯ ನೀವು ನನಗೆ ಹೇಳಿದ್ರಿ. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ಅದರಿಂದ ಮಗು ಕೈತಪ್ಪಿ ಹೋಗೋದ್ರಲ್ಲಿತ್ತು."

ಮಗಳು ಬಿಳಿಚಿಕೊಂಡಳು. ಅವಳೂ ಅಂದು ಮೊಣಕೈ ತಿವಿದವಳೇ ತಾನೇ. ಅಜ್ಜಿ ಬೈಯಲಿಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ.

"ಇನ್ನೊಂದು ವಿಷಯ ಇದೆ," ಅಂದಳು. "ನಿದ್ದೇಲಿ ಅವಳ ಎಡಗೈ ಬಲಗೈಗಿಂತ ತಣ್ಣಗಿರುತ್ತೆ. ಯಾರಿಗೂ ಹೇಳಿಲ್ಲ."

ಉಸಿರಮ್ಮ ಬೆಂಚಿನ ಮೇಲೆ ಆಕೆಯ ಪಕ್ಕ ಕೂತಳು. ಜೇಬಿನಿಂದ ಪೆನ್ನು ತೆಗೆದು, ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಯಾವಾಗಿನಿಂದ ಅಜ್ಜಿ ಎಂದು ಕೇಳಿದಳು.